ಉಡಿ ತುಂಬಿದ ಮಣ್ಣು

೨೭ ಮಾರ್ಚ್ ೧೯೬೨, ಮಳಗಿ
ಇಪ್ಪತ್ತೊಂಬತ್ತು ಚೀಲ ಆದವು. ಮೂವತ್ತು ಬೇಕು. ನಾಳೆ ಬ್ಲಾಕ್ ಆಫೀಸಿನ ಜೀಪು ಧಾರವಾಡದ ಮಣ್ಣು ಪರೀಕ್ಷೆಯ ಲ್ಯಾಬಿಗೆ ಹೊರಡುತ್ತದೆ. ಗ್ರಾಮಸೇವಕ ಎಂದು ಹೆಸರು, ಕೆಲಸ ಮಾತ್ರ ಮಣ್ಣು ಹೊರುವುದು.

ಕಾಶೆವ್ವ ತನ್ನ ಗುಡ್ಡದ ಹೊಲದ ಮಣ್ಣನ್ನು ತಾನೇ ಗಂಟು ಕಟ್ಟಿ ತಂದಳು. ನಾನು ಕಲಿಸಿದ ಹಾಗೆಯೇ ಎಂಟು ಕಡೆ ಗೇಣುದ್ದ ಅಗೆದಿದ್ದಾಳೆ. ಬಿಚ್ಚಿದರೆ ಒಳಗೆ ಅರಿಸಿನ, ಕುಂಕುಮ, ಅಕ್ಕಿ. ಇದೇನವ್ವ ಎಂದೆ.

"ಭೂಮ್ತಾಯಿ ಊರು ಬಿಟ್ಟು ಹೊಂಟಾಳ್ರಿ. ಬರೇ ಉಡಿಲೆ ಹೆಂಗ ಕಳಸೂದು?"

ನಕ್ಕು ಇಸಿದುಕೊಂಡೆ. ಲ್ಯಾಬಿಗೆ ಇದು ನಡೆಯುವುದಿಲ್ಲ. ಮತ್ತೆ ತರಲು ಗುಡ್ಡಕ್ಕೆ ಎರಡು ಮೈಲಿ, ಸುಡುಬಿಸಿಲು... ರಸ್ತೆ ಪಕ್ಕ ಲಗಮಪ್ಪನ ಹೊಲದಲ್ಲೇ ಇನ್ನೊಂದು ಚೀಲ ತುಂಬಿದೆ. ಅವಳ ಹೆಸರಿನ ಚೀಟಿ ಕಟ್ಟಿದೆ. ಅವಳದನ್ನು ಮೋರಿಯ ಹತ್ತಿರ ಸುರಿದೆ. ಗಂಟಿನ ಅರಿವೆ ಗಟ್ಟಿ ಇತ್ತು, ಸೈಕಲ್ ಒರೆಸಲು ಇಟ್ಟುಕೊಂಡೆ. ಎಲ್ಲ ಮಣ್ಣೇ ತಾನೇ.

೧೯ ಮೇ
ರಿಪೋರ್ಟ್ ಹಂಚಿದೆ. ಕಾಶೆವ್ವನ ಹೆಸರಿನದರಲ್ಲಿ — ಹುಳಿ ಅಂಶ ಇಲ್ಲ, ಸುಣ್ಣ ಬೇಡ, ಅಮೋನಿಯಂ ಸಲ್ಫೇಟ್ ಗೊಬ್ಬರ ಹಾಕಬಹುದು. ಒಲೆಯ ಬೂದಿಯನ್ನು ವರ್ಷವೂ ಹೊಲಕ್ಕೆ ಎರಚುತ್ತೇನೆ, ಈ ಸಲ ಏನು ಮಾಡಲಿ ಎಂದು ಕೇಳಿದಳು. ಎರಚು ಎಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಕಾಗದ ಕೈಯಲ್ಲಿತ್ತು, ಜಾಣತನ ಬಂತು. ಬೂದಿಯೂ ಸುಣ್ಣದ ಹಾಗೆ ಹುಳಿ ಮುರಿಯುವುದೇ, ಬೇಡ ಎಂದೆ. ಕಾಗದ ಕಣ್ಣಿಗೊತ್ತಿಕೊಂಡು ದೇವರ ಜಗಲಿಯ ಮೇಲಿಟ್ಟಳು.

೨೧ ಆಗಸ್ಟ್
ಲಗಮಪ್ಪನ ಬತ್ತ ಹಸಿರು ಹಸಿರು. ಗುಡ್ಡದ ಮೇಲೆ ಕಾಶೆವ್ವನದು ಕೆಂಪಡರಿ ನಿಂತಿದೆ. ಒಂದು ಬುಡ ಕಿತ್ತು ನೋಡಿದೆ, ಬೇರು ಇಳಿದೇ ಇಲ್ಲ. ಹುಳಿ ಮಣ್ಣು. ಅದರ ಮೇಲೆ ಹುಳಿ ಇನ್ನೂ ಹೆಚ್ಚಿಸುವ ಗೊಬ್ಬರ, ನಾನೇ ಕೊಡಿಸಿದ್ದು. ಹಿತ್ತಲಲ್ಲಿ ಬೂದಿಯ ಗುಡ್ಡೆ ಹಾಗೇ ಬಿದ್ದಿದೆ. ನಾನು ಬೇಡ ಎಂದಿದ್ದೆ, ಅವಳು ಮುಟ್ಟಿಲ್ಲ.

"ಕಾಗದ ಸುಳ್ಳು ಹೇಳೂದಿಲ್ರಿ. ನನ್ನ ಕೈಗುಣಾನ ಚಲೋ ಇಲ್ಲ," ಎಂದಳು.

ಎಂಟು ಕಡೆ ಅಗೆದು ಮಣ್ಣು ತಂದೆ — ಈ ಸಲ ನಿಜವಾಗಿ.

೨ ಸೆಪ್ಟೆಂಬರ್
ಅವಳ ಓಣಿ ತಪ್ಪಿಸಿ ಕೆರೆಯ ದಾರಿ ಹಿಡಿದೆ. ಮೂರನೆಯ ಸಲ.

೯ ಡಿಸೆಂಬರ್
ಕಾಶೆವ್ವನ ಒಕ್ಕಣೆ ಮುಗಿಯಿತಂತೆ. ಹತ್ತು ಚೀಲ ಬೆಳೆಯುತ್ತಿದ್ದ ಕಡೆ ಮೂರು. ಮಗಳು ಸಿದ್ದಕ್ಕ ಹೆರಿಗೆಗೆ ಬಂದು ಕೂತಿದ್ದಾಳೆ. ಬಾಣಂತಿಗೆ ಅನ್ನ ಎಲ್ಲಿಂದ?

ಹೊಸ ರಿಪೋರ್ಟ್ ಬಂತು. ಹುಳಿ ಬಹಳ, ಸುಣ್ಣ ಹಾಕಲೇಬೇಕು. ಪಕ್ಕದ ಸರ್ಕಲ್ಲಿನ ಗ್ರಾಮಸೇವಕ ಯಲ್ಲಪ್ಪನಿಗೆ ಎಲ್ಲ ಹೇಳಿದೆ. ಮಣ್ಣಿನ ಗುಣ ಬದಲಾಗುತ್ತದೆ, ಅದಕ್ಕೇ ಆಗಾಗ ಪರೀಕ್ಷೆ ಮಾಡಿಸಬೇಕು ಅಂತ ಹೇಳು, ಯಾರು ಕೇಳುತ್ತಾರೆ ಎಂದ. ಮಾತು ನಿಜವೇ. ಊರೂರಿಗೆ ನಾನೇ ಸಾರಿದ್ದೇನೆ. ಅದೇ ನಿಜದ ಹಿಂದೆ ಅಡಗಿ ಕೂರುವುದೆಂದರೆ... ನಾಚಿಕೆಯಾಗುತ್ತದೆ.

೧೧ ಡಿಸೆಂಬರ್, ಸಂಜೆ
ಹೋದೆ. ಹೊಸ ಕಾಗದ ಓದಿದೆ. ಜಗಲಿಯಿಂದ ಹಳೆಯದನ್ನೂ ತಂದು ಎರಡನ್ನೂ ಪಕ್ಕಪಕ್ಕ ಹಿಡಿದಳು. ಓದು ಬರುವುದಿಲ್ಲ, ಆದರೂ ಬಹಳ ಹೊತ್ತು ನೋಡಿದಳು. ಯಲ್ಲಪ್ಪನ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಅವಳೇ —

"ಹ್ವಾದ ಸಲ ನಾ ಅರಿಸಿನ ಕುಂಕುಮ ಹಾಕಿದ್ದಕ್ಕ ತಪ್ಪು ಬಂತೇನ್ರಿ?"

ಹೂಂ ಎಂದರೆ ಸಾಕಿತ್ತು. ಒಳಗೆ ಸಿದ್ದಕ್ಕ ಕೇರುತ್ತಿದ್ದ ಮೊರದ ಸಪ್ಪಳ ನಿಂತಿತು. ಎದ್ದು ಹೋಗಿ ಸೈಕಲ್ ಸೀಟಿನ ಕೆಳಗಿನ ಅರಿವೆ ಎಳೆದೆ. ಎಣ್ಣೆ, ಮಸಿ, ಒಂದು ಮೂಲೆಯಲ್ಲಿ ಇನ್ನೂ ಹಳದಿ. ಅವಳ ಕೈಗೆ ಕೊಟ್ಟೆ. ಇದರೊಳಗಿನ ಮಣ್ಣು ಧಾರವಾಡ ಕಾಣಲೇ ಇಲ್ಲ ಎಂದೆ.

ಅರಿವೆ ಬಿಡಿಸಿದಳು. ಹಳದಿಯ ಮೇಲೆ ಬೆರಳಾಡಿಸಿದಳು. "ಹಂಗಾರ ನನ್ನ ಭೂಮ್ತಾಯಿನ್ನ ಎಲ್ಲಿ ಬಿಟ್ರಿ?" ಎಂದಳು.

ಮೋರಿಯ ಹತ್ತಿರ ಎಂದೆ.