ಯಾರ ಕೈಯೆಂದು ನೀರಿಗೆ ಗೊತ್ತೇ?

ಬಾಗೂರು
೧೨-೩-೧೯೬೧

ಪ್ರೀತಿಯ ತಮ್ಮ ಚಿಕ್ಕಯ್ಯನಿಗೆ,

ನಿನ್ನ ಅಕ್ಕ ಮಾಡುವ ಆಶೀರ್ವಾದಗಳು. ಹೊಟ್ಟೆನೋವು ವಾಸಿಯಾಯಿತೇ? ಹಾಸನದ ಹಾಸ್ಟೆಲಿನ ಸಾರು ಆಗದಿದ್ದರೆ ಮಜ್ಜಿಗೆ ಕೇಳಿ ಹಾಕಿಸಿಕೊ, ನಾಚಿಕೆ ಪಡಬೇಡ. ನಾವು ಕ್ಷೇಮ ಎಂದು ಬರೆಯಬೇಕು, ಆದರೆ ಅವ್ವ ಕ್ಷೇಮವಾಗಿಲ್ಲ.

ಸರ್ಕಾರದವರು ತೋಡಿಸಿದ ಹೊಸ ಬಾವಿ ಎಲ್ಲ ಜಾತಿಯವರದೂ ಎಂದು ಅಮಲ್ದಾರರು ಸಾರಿ ಹೋದರಲ್ಲ, ಅದರ ಮುಂದಿನ ವಾರವೇ ಯಜಮಾನ ಷಡಕ್ಷರಪ್ಪನವರು ಎಲ್ಲಿಂದಲೋ ಒಂದು ಪೆಟ್ಟಿಗೆ ತರಿಸಿದರು. ಬಾವಿಯ ನೀರನ್ನು ಹಿತ್ತಾಳೆ ಕೊಳಗಕ್ಕೆ ತುಂಬಿ, ಗಾಜಿನ ಕಾಲಿನ ಸ್ಟೂಲಿನ ಮೇಲಿಟ್ಟು, ಪೆಟ್ಟಿಗೆಯ ಹಿಡಿ ತಿರುಗಿಸಿದರೆ ನೀರಿನ ಮೇಲೆ ತೂಗುಬಿಟ್ಟ ತಂತಿಯ ತುದಿಯಲ್ಲಿ ನೇರಳೆ ಬೆಳಕು ಹೊಮ್ಮುತ್ತದೆ. ಯಜಮಾನರು ಕೈ ಅದ್ದಿದರು, ಏನೂ ಆಗಲಿಲ್ಲ. ಅವ್ವ ಅದ್ದಿದಳು ನೋಡು, ಚಟ್ ಎಂದು ಕಿಡಿ ಹಾರಿ ಮೊಣಕೈವರೆಗೂ ಜೋಮು ಹಿಡಿಯಿತು. "ನೋಡ್ದಾ ಮಾದಿ, ನಾನಲ್ಲ ಕಣಮ್ಮಿ, ನೀರೇ ಬ್ಯಾಡ ಅಂತದೆ" ಎಂದು ಯಜಮಾನರು ಅವ್ವನಿಗೆ ಹೇಳಿದರು. ಅವ್ವನಿಗೆ ಅಷ್ಟೇ ಸಾಕಾಯಿತು. "ಗಂಗವ್ವನೇ ಒಲ್ಲೆ ಅಂದ್ ಮ್ಯಾಕೆ ನಾವ್ಯಾಕೆ ಓಗಾದು" ಎಂದು ಮತ್ತೆ ಕೆರೆಯ ಕೆಸರು ನೀರಿಗೇ ಹೋಗುತ್ತಾಳೆ. ನನಗೆ ಹೊಟ್ಟೆ ಉರಿಯುತ್ತದೆ ಕಣೋ.

ನಾನಂತೂ ನಂಬಲಾರೆ. ಸಂಕ್ರಾಂತಿಗೆ ಬಂದಾಗ, ನಿಮ್ಮ ಮೇಷ್ಟರು ಶಾಲೆಯಲ್ಲಿ ಮಾಡಿ ತೋರಿಸಿದ್ದೆಂದು ನೀನೇ ಹೇಳಿದ್ದೆ, ಗಾಳಿಯಲ್ಲಿ ಇಂಥ ಬೆಳಕು ಹುಟ್ಟಿಸಿದರೆ ಕೆಳಗಿನ ನೀರಿನ ಮೈಮೇಲೆ ವಿದ್ಯುತ್ತು ಬಂದು ಕೂರುತ್ತದೆ, ಯಾರಾದರೂ ಮುಟ್ಟಿದರೆ ಅವರ ಮೈಯೊಳಗಿಂದ ನೆಲಕ್ಕೆ ಇಳಿಯುತ್ತದೆ ಎಂದು. ಹಾಗಾದರೆ ಯಜಮಾನರ ಮೈಯೊಳಗಿಂದ ಯಾಕೆ ಇಳಿಯಲಿಲ್ಲ? ಅವರೇನು ಮರದಲ್ಲಿ ಮಾಡಿದವರೇ? ಆ ದಿನವನ್ನು ಮತ್ತೆ ಮತ್ತೆ ನೆನೆದು ನೋಡಿದೆ. ಅವರು ರಬ್ಬರ್ ಅಟ್ಟೆಯ ಜೋಡು ಹಾಕಿಕೊಂಡು ಒಣ ಮಣೆಯ ಮೇಲೆ ನಿಂತಿದ್ದರು. ನಾವೋ, ದೊಡ್ಡವರೆದುರು ಎಂದು ಮೆಟ್ಟು ದೂರದಲ್ಲೇ ಬಿಟ್ಟು, ಬಾವಿಕಟ್ಟೆಯ ಹಸಿ ನೆಲದ ಮೇಲೆ ಬರಿಗಾಲಲ್ಲಿ. ರಬ್ಬರು, ಒಣ ಮರ ವಿದ್ಯುತ್ತನ್ನು ನೆಲಕ್ಕೆ ಇಳಿಯಗೊಡುವುದಿಲ್ಲವೇನೋ, ಗುಟ್ಟೆಲ್ಲ ಕಾಲಿನಲ್ಲಿದೆ ಎಂದು ನನ್ನ ಗುಮಾನಿ. ನಿಮ್ಮ ಮೇಷ್ಟರನ್ನು ಕೇಳಿ ಕೂಡಲೇ ಕಾಗದ ಬರೆ.

ಓದು ಬಿಡಬೇಡ. ಅಪ್ಪ ಹರಸಿದ್ದಾನೆ, ಅವ್ವ ದಿನಾ ನಿನ್ನ ಹೆಸರೆತ್ತುತ್ತಾಳೆ.

ಇಂತಿ ನಿನ್ನ ಅಕ್ಕ,
ಮಲ್ಲಿಗಮ್ಮ

ಮ.ವಿ.: ಇಷ್ಟು ಬರೆದಿಟ್ಟ ಮೇಲೆ ಪೆಟ್ಟಿಗೆ ಮತ್ತೆ ಬಾವಿಯ ಹತ್ತಿರ ಬಂತು. ನಾನು ಟೈರಿನ ಮೆಟ್ಟು ಮೆಟ್ಟಿಕೊಂಡೇ ಹೋಗಿ, ನೇರಳೆ ಬೆಳಕು ಹೊಮ್ಮುತ್ತಿರುವಾಗಲೇ ಯಾರನ್ನೂ ಕೇಳದೆ ಯಜಮಾನರ ಮಣೆ ಹತ್ತಿ ಕೊಳಗಕ್ಕೆ ಕೈ ಅದ್ದಿದೆ. ಏನೂ ಆಗಲಿಲ್ಲ ಕಣೋ! ಯಜಮಾನರು ನನ್ನ ಕೈ ನೋಡಲೇ ಇಲ್ಲ, ಕಾಲನ್ನೇ ದಿಟ್ಟಿಸುತ್ತಿದ್ದರು. ಅವರಿಗೆ ಮೊದಲೇ ಗೊತ್ತಿತ್ತು. ಅಲ್ಲಿಯೇ ಒಂದು ಕೊಡ ಸೇದಿ ಮನೆಗೆ ತಂದಿಟ್ಟಿದ್ದೇನೆ. ಅವ್ವ ಬಾಯಾರಿಕೊಂಡು ಅದರ ಮುಂದೆಯೇ ಕೂತಿದ್ದಾಳೆ, ಬೆರಳು ತಾಗಿಸಲೂ ಹೆದರುತ್ತಾಳೆ. ನನ್ನ ಮಾತು ನಂಬುವುದಿಲ್ಲ. ಕಾಗದ ಬೇಡ, ನೀನೇ ಬಾ.