ಎರಡು ಗೆರೆ ಬೇರೆಯಾದಾಗ

ಅಕ್ಕಾ,

ನೀನು ಸೇರಿದ್ದ ಔಷಧಿ ಪ್ರಯೋಗದ ಫಲಿತಾಂಶ ಇವತ್ತು ಬಂತು. ಯಾರಿಗೆ ಹೊಸ ಮಾತ್ರೆ, ಯಾರಿಗೆ ಹಳೆಯದು ಎಂದು ಚೀಟಿ ಎತ್ತಿದಂತೆ ಹಂಚಿದ್ದು ನನ್ನ ಕಂಪ್ಯೂಟರೇ. "ನಾಣ್ಯ ಚಿಮ್ಮೋಕೂ ಸಂಬಳ ಕೊಡ್ತಾರೇನೋ ನಿಂಗೆ?" ಎಂದು ನೀನು ನಗುತ್ತಿದ್ದೆ.

ಪರದೆಯ ಮೇಲೆ, ಗುಂಪಿಗೊಂದರಂತೆ ಬದುಕುಳಿದವರ ಲೆಕ್ಕ ತೋರಿಸುವ ಎರಡು ಗೆರೆಗಳು ಜೊತೆಯಾಗಿ ಹೊರಟು ಮೆಲ್ಲಗೆ ಬೇರೆಯಾದವು. ಹೊಸ ಮಾತ್ರೆಯದು ಮೇಲೆಯೇ ಉಳಿಯಿತು. ನಡುವಿನ ಜಾಗದಷ್ಟು ಜನ ಹೆಚ್ಚು ಬದುಕಿದ್ದಾರೆ. ಈ ಸಂಖ್ಯಾಶಾಸ್ತ್ರವನ್ನೇ ವರ್ಷಗಟ್ಟಲೆ ಪಾಠ ಮಾಡಿದ ನನಗೂ ಮೈ ಜುಮ್ಮೆಂದಿತು. ಕೋಣೆಯಲ್ಲಿದ್ದವರೆಲ್ಲ ಕುರ್ಚಿ ಮುಂದೆಳೆದುಕೊಂಡರು.

"ನಿಮ್ಮಕ್ಕಂಗೆ ಯಾವುದು ಸಿಕ್ಕಿತ್ತು, ನೋಡ್ಲಾ ಸರ್?" ಎಂದರು ಪ್ರಯೋಗ ನಡೆಸಿದ ಡಾಕ್ಟರು.

"ಬೇಡ. ಇನ್ನೊಂದು ಸಿಕ್ಕಿದ್ರೆ ಏನಾಗ್ತಿತ್ತು ಅಂತ ಒಬ್ಬರ ಬಗ್ಗೆ ಹೇಳೋ ಲೆಕ್ಕ ನಮ್ಮಲ್ಲಿಲ್ಲ."

ಒಬ್ಬರು ತೀರಿಹೋದಾಗಲೆಲ್ಲ ಗೆರೆ ಒಂದು ಮೆಟ್ಟಿಲು ಇಳಿಯುತ್ತದೆ. ಎಲ್ಲರೂ ಹೊರಟ ಮೇಲೆ ಪರದೆಯ ಹತ್ತಿರ ಹೋಗಿ, ಎರಡೂ ಗೆರೆಗಳ ಮೆಟ್ಟಿಲುಗಳನ್ನು ಒಂದೂ ಬಿಡದೆ ಬೆರಳಿನಿಂದ ಸವರಿದೆ. ಯಾವುದೋ ಒಂದು ಮೆಟ್ಟಿಲು ನೀನು.