ಹೊಡಿ ಎಂಬ ಮಾತು

ಕಡಲು ಏರಿದ ಇನ್ನೂರ ಹನ್ನೊಂದನೆಯ ವರ್ಷ, ಎರಡನೆಯ ಆಷಾಢದ ಇಪ್ಪತ್ತನೆಯ ದಿನ, ಮೇಲಂಕೋಲೆ.

ಕಡಲು ಏರುವ ಮುನ್ನ ತೆಳು ಹಾಳೆಗೆ ಮೊದಲ ಬಾರಿ ತೂತು ಕೊರೆಯುತ್ತಿರುವ ಹಿರಿಯರಿಗೆ ಚುಚ್ಚುಮನೆಯ ಬೀರಮ್ಮ ಮಾಡುವ ನಮಸ್ಕಾರ. ನನ್ನ ಮಾತು ನಿಮ್ಮ ಕಿವಿಗೆ ವಿಚಿತ್ರವಾಗಿ ಕೇಳಿದರೆ ಕ್ಷಮಿಸಿ. ನಿಮಗೂ ನನಗೂ ನಡುವೆ ಒಂದು ಊರೇ ಮುಳುಗಿದೆ, ಅದರ ಜೊತೆ ಎಷ್ಟೋ ಶಬ್ದಗಳೂ ಮುಳುಗಿದವು. ಉಳಿದದ್ದರಲ್ಲಿ ಬರೆಯುತ್ತಿದ್ದೇನೆ. ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ, ಅದನ್ನು ಮುಚ್ಚಿಡುವುದಿಲ್ಲ.

ಎಲ್ಲರ ಮನೆ ದೋಸೆಯೂ ತೂತು ಎಂದು ನೀವು ಆಡಿಕೊಂಡು ನಗುತ್ತೀರಂತೆ. ನಮ್ಮಲ್ಲಿ ತೂತಿಲ್ಲದಿದ್ದರೆ ಬದುಕೇ ಇಲ್ಲ. ಬಾವಿಗಳೆಲ್ಲ ಉಪ್ಪಾಗಿವೆ, ಕುಡಿಯುವ ನೀರೆಂದರೆ ಒಂದೆಳೆಯಿಂದ ಇಳಿದದ್ದು ಮಾತ್ರ. ಒಂದೆಳೆ ಎಂದರೆ ಒಂದೇ ಪರಮಾಣು ದಪ್ಪದ ಇಂಗಾಲದ ಹಾಳೆ. ನೀವು ಗ್ರಾಫೀನ್ ಎನ್ನುತ್ತೀರಿ. ಅದನ್ನು ಗಾಳಿಯಿಲ್ಲದ ಪೆಟ್ಟಿಗೆಯಲ್ಲಿ ಬಿಗಿದು ಅದರ ಮೇಲೆ ಅಯಾನುಗಳನ್ನು ಬಿರುಸಾಗಿ ಬಿಡುತ್ತೇವೆ. ಬಡಿದ ಕಡೆ ಹಾಳೆಯ ಕೆಲವು ಪರಮಾಣುಗಳು ಕಿತ್ತು ಹಾರುತ್ತವೆ. ಆ ತೂತಿನಲ್ಲಿ ನೀರು ನುಸುಳುತ್ತದೆ, ಉಪ್ಪು ಆಚೆಯೇ ಉಳಿಯುತ್ತದೆ. ಬಡಿತ ಕಡಿಮೆಯಾದರೆ ಹನಿಯೂ ಇಳಿಯದು; ಹೆಚ್ಚಾದರೆ ತೂತಿಗೆ ತೂತು ಕೂಡಿ ಹಾಳೆಯೇ ಹರಿಯುತ್ತದೆ. ಈ ಕೆಲಸ ನಡೆಯುವ ಚುಚ್ಚುಮನೆಯಲ್ಲಿ ಇದಕ್ಕೆಲ್ಲ ಇದ್ದದ್ದು ಒಂದೇ ಮಾತು, ಹೊಡಿ. ಹಾಳೆ ಹೊಡೆದಾಯಿತೇ ಎಂದು ಕೇಳುತ್ತಿದ್ದೆವು, ಹೊಡೆದ ಮೇಲೇ ಊಟ ಎನ್ನುತ್ತಿದ್ದೆವು. ನಿಮ್ಮಿಂದ ಬಂದ ಮಾತೇ ಅದು.

ಹೋದ ಬೇಸಿಗೆಯಲ್ಲಿ ಹಾಳೆ ಹರಿಯಿತು, ಸಿಹಿನೀರು ಹರಿಯುವುದು ನಿಂತಿತು. ಮಕ್ಕಳ ತುಟಿ ಒಡೆದು ರಕ್ತ ಬಂತು. ಜನ ಕೊಡ ಹಿಡಿದು ನಮ್ಮ ಬಾಗಿಲಿಗೆ ಬಂದರು. ಮೊದಲು ಬೇಡಿದರು, ಆಮೇಲೆ ಕಲ್ಲು ಬೀರಿದರು. ಊರ ಯಜಮಾನರು ಹೆದರಿ ಘಟ್ಟದ ಮೇಲಿನಿಂದ ಕೋವಿಯವರನ್ನು ಕರೆಸಿ ಬಾಗಿಲ ಹೊರಗೆ ನಿಲ್ಲಿಸಿದರು. ಅವರಿಗೆ ನಮ್ಮ ಕಸುಬಿನ ಗಂಧಗಾಳಿಯೂ ಇರಲಿಲ್ಲ. ಬಾಗಿಲಿನಿಂದ ಒಳಕ್ಕೆ ಕೂಗುಕೊಳವೆ ಇದೆ, ಆಚೆಯ ಮಾತು ಈಚೆಗೂ ಈಚೆಯದು ಆಚೆಗೂ ಕೇಳುತ್ತದೆ. ಅದರಲ್ಲಿ ನನ್ನ ಅಕ್ಕ ಸೋಮಿಯ ದನಿ ಬಂತು.

“ಬೀರೂ, ಮಗೂಗೆ ಒಂದ್ ಗುಟುಕಾದ್ರೂ ಕೊಡೇ. ನಾ ಇಲ್ಲೇ ನಿಂತ್ಕಂಡಿರ್ತೆ.”

ನಮ್ಮ ಹಿರಿಯ ತಿಮ್ಮಣ್ಣ ಮಾಸ್ತರ ಕೊಳವೆಗೆ ಬಾಯಿಟ್ಟ. “ಕಲ್ಲು ಒಗಿಬೇಡಿ ಮಾರಾಯ್ರೆ, ಹೊಸಾ ಹಾಳೆ ಏರ್ಸಿದ್ದು. ಸಂಜೆಗೆ ನೀರು ಬತ್ತದೆ.” ಒಳ್ಳೆಯ ಮನುಷ್ಯ. ಕೊಳವೆಯ ಮುಚ್ಚಳ ಹಾಕುವುದನ್ನು ಮರೆತ. ನಾನು ಪೆಟ್ಟಿಗೆ ನೋಡಿ, ಸಿದ್ಧವೆಂದು ಕೈ ಎತ್ತಿದೆ. ಅವನು ದಿನದಂತೆ ಗಟ್ಟಿಯಾಗಿ ಕೂಗಿದ: “ಹೊಡಿ!”

ಒಳಗೆ ನಾನು ಗುಂಡಿ ಒತ್ತಿದೆ. ಹೊರಗೆ ಅವರು ಕೋವಿಯ ಕುದುರೆ ಎಳೆದರು.

ಕೊಳವೆಯ ತುಂಬ ಚೀರಾಟ. ಮಾಸ್ತರ ಬೆಚ್ಚಿ ಕೊಳವೆಯತ್ತ ನುಗ್ಗಿ ಅರಚಿದ: “ಅಲ್ರೋ, ಹಾಳೆ! ಹಾಳೆ ಹೊಡಿ ಅಂದದ್ದು! ಹೊಡಿ ಅಂದ್ರೆ ಹಾಳೆ!” ಅವರಿಗೆ ಕೇಳಿದ್ದು ಆ ಒಂದೇ ಮಾತು. ಮತ್ತೆ ಹೊಡೆದರು. ಸತ್ತವರ ಮೇಲೆ ಸತ್ತವರು ಬಿದ್ದರು.

ಉಳಿದವರು ಕೋವಿಯವರನ್ನು ಕೊಡಗಳಿಂದಲೇ ಬಡಿದು ಕೊಂದು ಬಾಗಿಲು ಒಡೆದು ನುಗ್ಗಿದರು. ಮಾಸ್ತರನನ್ನು ಜುಟ್ಟು ಹಿಡಿದು ಎಳೆದೊಯ್ದು ತಲೆ ಜಜ್ಜಿದರು. ಹಲ್ಲುದುರಿದ ಬಾಯಲ್ಲಿ ಅವನು ಹಾಳೆ, ಹಾಳೆ ಎನ್ನುತ್ತಲೇ ಇದ್ದ. ಸೋಮಿ ತನ್ನ ಕೊಡದ ಮೇಲೆ ಕವುಚಿಬಿದ್ದಿದ್ದಳು. ಅವಳ ಎದೆಯಲ್ಲೂ ತೂತು, ಕೊಡದಲ್ಲೂ ತೂತು. ಹಾಳೆ ಮಾತ್ರ ಅಚ್ಚುಕಟ್ಟಾಗಿ ಬಂದಿತ್ತು. ಸಂಜೆಗೆ, ಮಾಸ್ತರ ಹೇಳಿದಂತೆಯೇ, ನೀರು ಬಂತು. ಮೊದಲ ಗುಟುಕನ್ನು ಅವಳ ಮಗುವಿಗೆ ಕುಡಿಸಿ, ಉಳಿದದ್ದರಲ್ಲಿ ಅಕ್ಕನ ಮೈ ತೊಳೆದೆ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಈಗ ನಾವು ಹೊಡಿ ಎನ್ನುವುದಿಲ್ಲ, ಚುಕ್ಕಿ ಇಡು ಎನ್ನುತ್ತೇವೆ, ರಂಗೋಲಿಗೆ ಇಡುತ್ತೇವಲ್ಲ, ಹಾಗೆ. ಮೊದಮೊದಲು ನಗು ಬರುತ್ತಿತ್ತು, ಈಗ ರೂಢಿಯಾಗಿದೆ. ತೂತು ಕೊರೆಯಬೇಡಿ ಎಂದು ನಾನು ಕೇಳುತ್ತಿಲ್ಲ. ಕೊರೆಯದಿದ್ದರೆ ನಾವು ಬಾಯಾರಿಯೇ ಸಾಯುತ್ತೇವೆ. ಕೇಳುವುದು ಇಷ್ಟೇ. ನಿಮ್ಮ ಪೆಟ್ಟಿಗೆ ಸಿದ್ಧವಾಗಿದೆ, ಯಾರೋ ಕೈ ಎತ್ತಿದ್ದಾರೆ, ನೀವು ಬಾಯಿ ತೆರೆಯಬೇಕು. ನಿಮ್ಮಲ್ಲಿ ಆ ಕೆಲಸಕ್ಕೆ ಇನ್ನೂ ಹೆಸರಿಲ್ಲ. ನೋಡಿ ಇಡಿ. ನನ್ನ ಅಕ್ಕ ಕೊಡ ಹಿಡಿದು ಬಾಗಿಲಲ್ಲೇ ನಿಂತಿದ್ದಾಳೆ.